ಇಂಗ್ಲೆಂಡಿನ ಬಾಡಿಗೆ ಮನೆಯಲ್ಲಿ ತೇವ, ಬೂಷ್ಟು, ಚಳಿ: ಕಾರಣ ಹುಡುಕುವುದರಿಂದ ದುರಸ್ತಿ ಮಾಡಿಸುವವರೆಗೆ

ಇಂಗ್ಲೆಂಡಿಗೆ ಓದಲು ಅಥವಾ ಕೆಲಸಕ್ಕೆಂದು ಬರುವ ಕನ್ನಡಿಗರಲ್ಲಿ ಅನೇಕರು ಬಾಡಿಗೆ ಮನೆ ಹಿಡಿಯುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ. ಆಗ ಬಿಸಿಲಿರುತ್ತದೆ, ಕಿಟಕಿಗಳು ತೆರೆದಿರುತ್ತವೆ, ಗೋಡೆಗೆ ಹೊಸ ಬಣ್ಣವೂ ಬಿದ್ದಿರುತ್ತದೆ. ನವೆಂಬರ್ ಮುಗಿಯುವ ಹೊತ್ತಿಗೆ ಅದೇ ಮನೆಯ ಕಿಟಕಿಗಳು ಬೆಳಗಾಗುವಷ್ಟರಲ್ಲಿ ಬೆವರಿ, ಚೌಕಟ್ಟಿನಲ್ಲಿ ನೀರು ನಿಂತಿರುತ್ತದೆ. ಮಡಿಸಿಟ್ಟ ಬಟ್ಟೆಗಳಿಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ಹೀಟಿಂಗ್ ಹಾಕಿದರೂ ಮೂಲೆಯ ಕೋಣೆ ಬೆಚ್ಚಗಾಗುವುದಿಲ್ಲ.

ನನ್ನ ಮೊದಲ ಚಳಿಗಾಲ ಕಳೆದದ್ದು ಲೀಡ್ಸ್ ನಗರದ ಒಂದು ಹಳೆಯ ಸಾಲುಮನೆಯ ಹಿಂಬದಿಯ ಕೋಣೆಯಲ್ಲಿ. ಜನವರಿಯ ಒಂದು ಭಾನುವಾರ ಸೂಟ್‌ಕೇಸ್ ತೆಗೆಯಲೆಂದು ವಾರ್ಡ್‌ರೋಬನ್ನು ಸರಿಸಿದಾಗ, ಅದರ ಹಿಂದಿನ ಗೋಡೆಯಲ್ಲಿ ನೆಲದಿಂದ ಸೊಂಟದೆತ್ತರದವರೆಗೆ ರಾಗಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಹರಡಿದ್ದವು. ಊರಿನಿಂದ ತಂದಿದ್ದ ಉಣ್ಣೆಯ ಶಾಲಿನ ಮಡಿಕೆಗಳಲ್ಲಿ ಬೂದಿ ಬಣ್ಣದ ಬೂಷ್ಟು ಬೆಳೆದಿತ್ತು. ಅಂದೇ ಸಂಜೆ ಬ್ಲೀಚ್ ತಂದು ಗೋಡೆಯನ್ನು ಉಜ್ಜಿ ಬೆಳ್ಳಗೆ ಮಾಡಿದೆ. ಮೂರು ವಾರಗಳಲ್ಲಿ ಅದು ಮರಳಿ ಬಂತು. ಲೆಟಿಂಗ್ ಏಜೆಂಟರಿಗೆ ಫೋನ್ ಮಾಡಿದರೆ, ಅಡುಗೆ ಹೆಚ್ಚು ಮಾಡುತ್ತೀರಿ, ಕಿಟಕಿ ತೆರೆಯುವುದಿಲ್ಲ, ಅದಕ್ಕೇ ಹೀಗಾಗಿದೆ ಎಂಬ ಉತ್ತರ ಸಿಕ್ಕಿತು. ಮೊದಲಿನ ಸ್ಥಿತಿಯ ಒಂದು ಫೋಟೋ ಕೂಡ ನನ್ನ ಬಳಿ ಇರಲಿಲ್ಲ. ಏಪ್ರಿಲ್‌ನಲ್ಲಿ ಪಕ್ಕದ ಮನೆಗೆ ಏಣಿ ಹಾಕಿದ್ದ ಕೆಲಸಗಾರ ನಮ್ಮ ಗೋಡೆಯನ್ನೂ ನೋಡಿ, ಮಳೆನೀರಿನ ಗಟರ್ ಒಡೆದು ನೀರು ನೇರವಾಗಿ ಇಟ್ಟಿಗೆಗೆ ಇಳಿಯುತ್ತಿದೆ ಎಂದು ತೋರಿಸಿದ. ಮೂರು ತಿಂಗಳು ನಾನು ನನ್ನ ಅಡುಗೆಯನ್ನೇ ಶಂಕಿಸುತ್ತಾ ಕೂತಿದ್ದೆ.

ಹಾಗೆ ಮತ್ತೊಬ್ಬರ ಚಳಿಗಾಲ ಕಳೆಯಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವ ಕಾನೂನು ಇಂಗ್ಲೆಂಡಿನದು. ವೇಲ್ಸ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಬಾಡಿಗೆಯ ಕಾನೂನು ಬೇರೆ. ಆದರೆ ತೇವದ ಕಾರಣಗಳು ಮತ್ತು ಮನೆಯೊಳಗೆ ಮಾಡಬೇಕಾದ ಕೆಲಸಗಳು ಎಲ್ಲ ಕಡೆಗೂ ಒಂದೇ.

ಮೊದಲ ಹೆಜ್ಜೆ: ಒರೆಸುವ ಮುನ್ನ ಫೋಟೋ ತೆಗೆಯಿರಿ

ಬೂಷ್ಟು ಕಂಡ ಕೂಡಲೇ ಬಟ್ಟೆ ಹಿಡಿದು ಒರೆಸಬೇಕೆನಿಸುವುದು ಸಹಜ. ಐದು ನಿಮಿಷ ತಡೆಯಿರಿ. ಇಡೀ ಗೋಡೆ ಕಾಣುವಂತೆ ಒಂದು ಫೋಟೋ, ಕಲೆಯ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಹತ್ತಿರದಿಂದ ಇನ್ನೊಂದು ಫೋಟೋ ತೆಗೆಯಿರಿ. ಕಿಟಕಿಯ ಚೌಕಟ್ಟಿನ ನೀರು, ಹಾಳಾದ ಹಾಸಿಗೆ, ಬಟ್ಟೆ, ಪುಸ್ತಕಗಳನ್ನೂ ಬಿಡಬೇಡಿ. ಫೋಟೋಗಳನ್ನು ನಿಮಗೇ ಇಮೇಲ್ ಮಾಡಿಕೊಂಡರೆ ದಿನಾಂಕ ತಾನಾಗಿಯೇ ದಾಖಲಾಗುತ್ತದೆ. ಜೊತೆಗೆ, ತಾಪಮಾನ ಮತ್ತು ಗಾಳಿಯ ತೇವಾಂಶ ಎರಡನ್ನೂ ತೋರಿಸುವ ಹೈಗ್ರೋಮೀಟರ್ ಎಂಬ ಅಂಗೈಯಷ್ಟು ಸಣ್ಣ ಸಾಧನವನ್ನು ಕೊಂಡು ತನ್ನಿ. ಹೆಚ್ಚಿನ ಬೆಲೆಯೇನೂ ಇಲ್ಲ. ಬೆಳಿಗ್ಗೆ ಎದ್ದಾಗ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡು ವಾರ ಅದರ ಅಂಕಿಗಳನ್ನು ಬರೆದಿಡಿ. ಹೀಟಿಂಗ್ ಎಷ್ಟು ಗಂಟೆ ಉರಿಯಿತು, ಕಿಟಕಿ ಯಾವಾಗ ತೆರೆದಿತ್ತು ಎಂಬುದನ್ನೂ ಅದೇ ಪುಟದಲ್ಲಿ ಗುರುತಿಸಿ. ತಪ್ಪು ನಿಮ್ಮದೇ ಎಂದು ಯಾರಾದರೂ ಹೇಳಿದಾಗ ಈ ಒಂದು ಪುಟ ನಿಮ್ಮ ಪರವಾಗಿ ಮಾತಾಡುತ್ತದೆ.

ಎರಡನೆಯ ಹೆಜ್ಜೆ: ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ

ಇಡೀ ವಿಷಯದ ತಿರುಳು ಇಲ್ಲಿದೆ. ಇಲ್ಲಿ ಅವಸರ ಮಾಡಬೇಡಿ. ಗೋಡೆಗೆ ನೀರು ಬರುವ ದಾರಿಗಳು ಮುಖ್ಯವಾಗಿ ಮೂರು: ಮನೆಯೊಳಗಿನ ಆವಿ ತಣ್ಣನೆಯ ಗೋಡೆಯ ಮೇಲೆ ನೀರಾಗುವುದು, ಹೊರಗಿನ ಮಳೆನೀರು ಗೋಡೆಯನ್ನೋ ಸೂರನ್ನೋ ತೂರಿ ಒಳಬರುವುದು, ಮತ್ತು ನೆಲದ ತೇವ ಇಟ್ಟಿಗೆಯ ಮೂಲಕ ಮೇಲೇರುವುದು. ಇವುಗಳ ಜೊತೆಗೆ ಒಳಗಿನ ಪೈಪ್ ಸೋರಿಕೆಯೂ ಇದೆ.

ಮಲೆನಾಡಿನಲ್ಲಿ ಬೆಳೆದ ನನಗೆ ಬೂಷ್ಟು ಹೊಸದೇನೂ ಆಗಿರಲಿಲ್ಲ. ಆಷಾಢದ ಜಡಿಮಳೆಯಲ್ಲಿ ಚರ್ಮದ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಯಾವುದನ್ನೂ ಅದು ಬಿಡುವುದಿಲ್ಲ. ಅಲ್ಲಿ ತೇವ ಹೊರಗಿನ ಗಾಳಿಯಲ್ಲಿಯೇ ತುಂಬಿರುವುದರಿಂದ ಕಿಟಕಿ ಮುಚ್ಚಿ, ಒಲೆಯ ಕಾವಿನಲ್ಲಿ ಸಾಮಾನು ಒಣಗಿಸುವುದು ನಮ್ಮ ಹಿರಿಯರ ರೂಢಿ. ಇಂಗ್ಲೆಂಡಿನ ಚಳಿಗಾಲದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. 5 ಡಿಗ್ರಿ ಸೆಲ್ಸಿಯಸ್‌ನ ಹೊರಗಾಳಿ, ಮಳೆ ಸುರಿಯುತ್ತಿದ್ದರೂ, ಘನ ಮೀಟರಿಗೆ ಸುಮಾರು 7 ಗ್ರಾಂಗಿಂತ ಹೆಚ್ಚು ನೀರಾವಿಯನ್ನು ಹಿಡಿದಿಡಲಾರದು. 20 ಡಿಗ್ರಿ ಬಿಸಿಯಿದ್ದು ಶೇಕಡಾ 60 ತೇವಾಂಶವಿರುವ ಕೋಣೆಯ ಗಾಳಿಯಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಅಂದರೆ ಜಿಟಿಜಿಟಿ ಮಳೆಯ ದಿನವೂ ಹೊರಗಿನ ಗಾಳಿಯೇ ಒಣ ಗಾಳಿ. ಅದು ಒಳಬಂದು ಬೆಚ್ಚಗಾದರೆ ಕೋಣೆ ಒಣಗುತ್ತದೆ. ಮಳೆ ಬರುತ್ತಿದೆಯೆಂದು ಕಿಟಕಿ ಮುಚ್ಚುವ ನಮ್ಮ ಅಭ್ಯಾಸ ಇಲ್ಲಿ ತೇವವನ್ನು ಒಳಗೇ ಕೂಡಿಹಾಕುತ್ತದೆ. ಕೋಣೆಯ ಅದೇ ಗಾಳಿ 12 ಡಿಗ್ರಿಯಷ್ಟು ತಣ್ಣಗಿರುವ ಗೋಡೆಗೆ ತಾಗಿದರೆ ಹನಿಗಟ್ಟುತ್ತದೆ. ಬೂಷ್ಟಿಗೆ ಅಷ್ಟೂ ಬೇಕಿಲ್ಲ, ಗೋಡೆಯ ಮೇಲ್ಮೈಗೆ ಅಂಟಿದ ಗಾಳಿಯ ತೇವಾಂಶ ಶೇಕಡಾ 80ರ ಆಸುಪಾಸಿನಲ್ಲಿ ಬಹುಕಾಲ ಉಳಿದರೆ ಸಾಕು.

ಮೂರು ಬಗೆಗಳನ್ನು ಕಣ್ಣಿನಿಂದಲೇ ಬಹುಮಟ್ಟಿಗೆ ಬೇರ್ಪಡಿಸಬಹುದು. ಒಳಗಿನ ಆವಿಯಿಂದಾದ ತೇವವು ಚಳಿಗಾಲದಲ್ಲಿ ಬಂದು ಬೇಸಿಗೆಯಲ್ಲಿ ಮಾಯವಾಗುತ್ತದೆ. ಕಿಟಕಿಯ ಸುತ್ತ, ಸೂರಿನ ಮೂಲೆಗಳಲ್ಲಿ, ಬೀರುವಿನ ಹಿಂದೆ, ಉತ್ತರಕ್ಕೆ ಮುಖ ಮಾಡಿದ ಹೊರಗೋಡೆಯಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣಿಸುತ್ತದೆ. ಮಳೆನೀರು ತೂರಿ ಬಂದ ತೇವವು ಒಂದು ಕಡೆಯಲ್ಲಿ ತೇಪೆಯಂತೆ, ಕಂದು ಅಂಚಿನೊಂದಿಗೆ ಇರುತ್ತದೆ; ಮಳೆ ಬಂದ ಮರುದಿನ ಗಾಢವಾಗಿ, ಒಣ ವಾರದಲ್ಲಿ ಮಸುಕಾಗುತ್ತದೆ. ಅಂಥದ್ದು ಕಂಡರೆ ಹೊರಗೆ ಹೋಗಿ ಅದೇ ಜಾಗದ ನೇರಕ್ಕೆ ತಲೆಯೆತ್ತಿ ನೋಡಿ: ಒಡೆದ ಗಟರ್, ಜಾರಿದ ಹಂಚು, ಇಟ್ಟಿಗೆಗಳ ನಡುವೆ ಉದುರಿದ ಗಾರೆ, ಗೋಡೆಯ ಮೇಲೆ ಹಸಿರು ಪಾಚಿಯ ಪಟ್ಟೆ ಇವುಗಳಲ್ಲಿ ಒಂದು ಸಿಗುವ ಸಾಧ್ಯತೆ ಹೆಚ್ಚು. ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ಗಟರಿನ ವಿಡಿಯೋ ತೆಗೆದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ. ನೆಲದಿಂದ ಏರುವ ತೇವವು ಕೆಳಮಹಡಿಯಲ್ಲಿ ಮಾತ್ರ, ಸಾಮಾನ್ಯವಾಗಿ ನೆಲದಿಂದ ಒಂದು ಮೀಟರಿನೊಳಗೆ, ಅಲೆಯಂಥ ಗೆರೆಯಾಗಿ ನಿಲ್ಲುತ್ತದೆ. ಅಲ್ಲಿ ಬಿಳಿ ಉಪ್ಪು ಅರಳಿ ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಗೋಡೆಯ ಬುಡದಲ್ಲಿ ತೇವ ತಡೆಯಲು ಇರಿಸಿದ ಪದರ ಹಾಳಾಗಿರುವುದು, ಅಥವಾ ಹೊರಗಿನ ಮಣ್ಣು ಆ ಪದರಕ್ಕಿಂತ ಎತ್ತರಕ್ಕೆ ಏರಿರುವುದು ಇದಕ್ಕೆ ಕಾರಣ.

ಸಂಶಯ ಉಳಿದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನೆರವಿಗೆ ಬರುತ್ತದೆ. ಗೋಡೆಯ ಮೇಲ್ಮೈಯನ್ನು ಚೆನ್ನಾಗಿ ಒಣಗಿಸಿ, ಒಂದು ಗೇಣು ಚೌಕದ ಫಾಯಿಲನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗಾಳಿಯಾಡದಂತೆ ಅಂಟಿಸಿ, ಎರಡು ದಿನ ಬಿಡಿ. ನಿಮ್ಮ ಕಡೆಗಿರುವ ಮುಖ ಒದ್ದೆಯಾದರೆ ತೇವ ಕೋಣೆಯ ಗಾಳಿಯದು. ಬಿಚ್ಚಿದಾಗ ಗೋಡೆಯ ಕಡೆಯ ಮುಖದಲ್ಲಿ ಹನಿಗಳಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಇದು ಪ್ರಯೋಗಾಲಯದ ಪರೀಕ್ಷೆಯಲ್ಲದಿದ್ದರೂ ಮಾತುಕತೆ ಶುರುಮಾಡಲು ಸಾಕಷ್ಟಾಯಿತು. ಗೋಡೆಗೆ ಚುಚ್ಚಿ ನೋಡುವ ಅಗ್ಗದ ತೇವಮಾಪಕಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಅವು ವಿದ್ಯುತ್ ಹರಿಯುವಿಕೆಯನ್ನು ಅಳೆಯುವುದರಿಂದ ಗೋಡೆಯಲ್ಲಿ ಉಪ್ಪಿದ್ದರೂ ಒದ್ದೆಯೆಂದೇ ತೋರಿಸುತ್ತವೆ.

ಮೂರನೆಯ ಹೆಜ್ಜೆ: ನಮ್ಮ ಕೈಯಲ್ಲಿರುವುದನ್ನು ಮಾಡಿ

ದುರಸ್ತಿ ಮಾಲೀಕರ ಜವಾಬ್ದಾರಿಯಾದರೂ, ಒಳಗಿನ ಆವಿಯನ್ನು ಕಡಿಮೆ ಮಾಡುವುದು ನಮಗೇ ಒಳ್ಳೆಯದು. ಅಕ್ಕಿ ಬೇಯಿಸುವಾಗ, ಸಾರು ಕುದಿಸುವಾಗ, ಕುಕ್ಕರ್ ಕೂಗಿಸುವಾಗ ನಮ್ಮ ಅಡುಗೆಮನೆಯಲ್ಲಿ ಆವಿ ಹೆಚ್ಚೇ ಏಳುತ್ತದೆ. ಅದಕ್ಕಾಗಿ ಅಡುಗೆ ಬಿಡಬೇಕಾಗಿಲ್ಲ. ಪಾತ್ರೆಗೆ ಮುಚ್ಚಳ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಅಡುಗೆ ಮುಗಿದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಅದನ್ನು ಓಡಲು ಬಿಡಿ. ಒಲೆಯ ಮೇಲಿನ ಫ್ಯಾನ್ ನಿಜವಾಗಿಯೂ ಗಾಳಿಯನ್ನು ಹೊರಗೆ ಕಳಿಸುತ್ತದೆಯೇ ಎಂಬುದನ್ನು ನೋಡಿ. ಅನೇಕ ಮನೆಗಳಲ್ಲಿ ಅದು ಒಗ್ಗರಣೆಯ ಜಿಡ್ಡನ್ನು ಸೋಸಿ, ಆವಿಯನ್ನು ಅದೇ ಕೋಣೆಗೆ ಮರಳಿ ಬಿಡುವಂಥದ್ದು. ಬಚ್ಚಲಿನ ಫ್ಯಾನನ್ನು ಪರೀಕ್ಷಿಸಲು ಒಂದು ಹಾಳೆ ಟಾಯ್ಲೆಟ್ ಪೇಪರ್ ಸಾಕು: ಓಡುವ ಫ್ಯಾನಿಗೆ ಹಿಡಿದಾಗ ಅಂಟಿ ನಿಲ್ಲಬೇಕು. ಕೆಳಗೆ ಬಿದ್ದರೆ ಫ್ಯಾನ್ ಸದ್ದು ಮಾಡುತ್ತಿದೆಯೇ ಹೊರತು ಗಾಳಿ ಎಳೆಯುತ್ತಿಲ್ಲ. ಅದನ್ನು ದುರಸ್ತಿಯ ಪಟ್ಟಿಗೆ ಸೇರಿಸಿ. ಇಂಗ್ಲೆಂಡಿನ ಕಟ್ಟಡ ನಿಯಮಗಳು ಹೊಸದಾಗಿ ಹಾಕುವ ಬಚ್ಚಲಿನ ಫ್ಯಾನಿಗೆ ಸೆಕೆಂಡಿಗೆ 15 ಲೀಟರ್, ಒಲೆಯ ಮೇಲಿನದಕ್ಕೆ 30 ಲೀಟರ್ ಗಾಳಿ ಎಳೆಯುವ ಸಾಮರ್ಥ್ಯವನ್ನು ಕೇಳುತ್ತವೆ.

ಬಟ್ಟೆ ಒಣಗಿಸುವುದು ಇನ್ನೊಂದು ದೊಡ್ಡ ಮೂಲ. ಒಂದು ಮೆಷಿನ್ ಒಗೆತದ ಬಟ್ಟೆ ಸುಮಾರು ಎರಡು ಲೀಟರ್ ನೀರನ್ನು ಗಾಳಿಗೆ ಬಿಡಬಲ್ಲದು. ಮಲಗುವ ಕೋಣೆಯ ರೇಡಿಯೇಟರ್ ಮೇಲೆ ಹರಡುವುದರ ಬದಲು, ಬಚ್ಚಲಿನಲ್ಲಿ ಸ್ಟ್ಯಾಂಡಿಗೆ ಹಾಕಿ, ಬಾಗಿಲು ಮುಚ್ಚಿ, ಫ್ಯಾನ್ ಓಡಿಸಿ ಅಥವಾ ಕಿಟಕಿಯನ್ನು ತುಸು ತೆರೆದಿಡಿ. ಬೆಳಿಗ್ಗೆ ಎದ್ದ ಕೂಡಲೇ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದರೆ ರಾತ್ರಿಯ ಉಸಿರಿನ ಆವಿ ಹೊರಟುಹೋಗುತ್ತದೆ. ಅಷ್ಟರಲ್ಲಿ ಗೋಡೆಯ ಬಿಸಿ ಹೋಗಿಬಿಡುವುದಿಲ್ಲ. ಕಿಟಕಿಯ ಮೇಲ್ಪಟ್ಟಿಯಲ್ಲಿರುವ ಸೀಳುಗಿಂಡಿಗಳನ್ನು ಚಳಿಯೆಂದು ಟೇಪ್ ಹಚ್ಚಿ ಮುಚ್ಚಬೇಡಿ. ಬೀರು, ಮಂಚಗಳನ್ನು ಹೊರಗೋಡೆಯಿಂದ ಕನಿಷ್ಠ ಐದು ಸೆಂಟಿಮೀಟರ್ ದೂರವಿಡಿ. ಸಾಧ್ಯವಾದರೆ ಒಳಗೋಡೆಗೆ ಸರಿಸಿ.

ಇಷ್ಟು ಮಾಡಿಯೂ ಹೈಗ್ರೋಮೀಟರ್ ದಿನವಿಡೀ 65, 70 ಎಂದೇ ತೋರಿಸುತ್ತಿದ್ದರೆ ಗಾಳಿಯ ತೇವವನ್ನು ಹೀರಿ ತೊಟ್ಟಿಯಲ್ಲಿ ನೀರಾಗಿ ಕೂಡಿಡುವ ಡೀಹ್ಯೂಮಿಡಿಫೈಯರ್ ಯಂತ್ರ ಕೊಳ್ಳುವುದನ್ನು ಯೋಚಿಸಬಹುದು. ತೇವಾಂಶವನ್ನು 40ರಿಂದ 60ರ ನಡುವೆ ಇಡುವುದು ಗುರಿ. ತಣ್ಣನೆಯ ಕೋಣೆಗೆ ತೇವ ಹೀರುವ ವಸ್ತುವನ್ನು ಬಳಸುವ ಡೆಸಿಕಂಟ್ ಬಗೆಯದು, ಬೆಚ್ಚಗಿರುವ ಕೋಣೆಗೆ ಕಂಪ್ರೆಸರ್ ಬಗೆಯದು ಹೊಂದುತ್ತದೆ. ಆದರೆ ಮಳೆನೀರು ಒಳಬರುತ್ತಿರುವ ಗೋಡೆಗೆ ಯಂತ್ರವಿಟ್ಟು ತೊಟ್ಟಿ ಖಾಲಿ ಮಾಡುತ್ತಾ ಕೂರುವುದು ನಿಮ್ಮ ವಿದ್ಯುತ್ ಬಿಲ್ಲಿನಲ್ಲಿ ಮಾಲೀಕರ ಗಟರನ್ನು ಸಾಕಿದಂತೆ.

ನಾಲ್ಕನೆಯ ಹೆಜ್ಜೆ: ಹೀಟಿಂಗ್ ಏಕೆ ಸಾಲುತ್ತಿಲ್ಲ ಎಂದು ನೋಡಿ

ಕೋಣೆಯನ್ನು ಕನಿಷ್ಠ 18 ಡಿಗ್ರಿಯಲ್ಲಿಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆರಡು ಸಲ ಒಂದು ಗಂಟೆ ಜೋರಾಗಿ ಉರಿಸಿ ಆರಿಸುವುದಕ್ಕಿಂತ ಹದವಾದ ಬಿಸಿಯನ್ನು ಹೆಚ್ಚು ಹೊತ್ತು ಉಳಿಸುವುದು ತೇವದ ದೃಷ್ಟಿಯಿಂದ ಮೇಲು, ಏಕೆಂದರೆ ಬೆಚ್ಚಗಾಗಬೇಕಾದದ್ದು ಗೋಡೆ. ಗಾಳಿ ಬೇಗ ಬಿಸಿಯಾದರೂ ಗೋಡೆಗೆ ಸಮಯ ಬೇಕು.

ರೇಡಿಯೇಟರನ್ನು ಕೈಯಿಂದ ಮುಟ್ಟಿ ನೋಡಿ. ಮೇಲೆ ತಣ್ಣಗೆ, ಕೆಳಗೆ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ತಣ್ಣಗಾದ ಮೇಲೆ, ಮೇಲ್ತುದಿಯ ಸಣ್ಣ ಚೌಕ ತಿರುಪನ್ನು ರೇಡಿಯೇಟರ್ ಕೀಲಿಯಿಂದ ಕಾಲು ಸುತ್ತು ಎಡಕ್ಕೆ ತಿರುಗಿಸಿ, ಕೆಳಗೆ ಬಟ್ಟೆ ಹಿಡಿಯಿರಿ. ಬುಸ್ ಎಂಬ ಸದ್ದು ನಿಂತು ನೀರು ಬರತೊಡಗಿದಾಗ ಮುಚ್ಚಿ. ಮೇಲೆ ಬಿಸಿಯಿದ್ದು ಕೆಳಗಿನ ನಡುಭಾಗ ತಣ್ಣಗಿದ್ದರೆ ಒಳಗೆ ಕೆಸರು ಕಟ್ಟಿದೆ. ಅದನ್ನು ತೊಳೆಸುವುದು ಮಾಲೀಕರ ಕೆಲಸ. ಗಾಳಿ ಬಿಟ್ಟ ಮೇಲೆ, ರೇಡಿಯೇಟರುಗಳಿಗೆ ಹೋಗುವ ನೀರನ್ನು ಕಾಯಿಸುವ ಬಾಯ್ಲರಿನ ಒತ್ತಡದ ಮುಳ್ಳನ್ನು ನೋಡಿ: ತಣ್ಣಗಿರುವಾಗ 1ರಿಂದ 1.5 ಬಾರ್ ನಡುವೆ ಇರಬೇಕು. ಮತ್ತೆ ನೀರು ತುಂಬಿಸಿದರೂ ವಾರವಾರವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹಿಮ ಬಿದ್ದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಎಂದು ನಿಂತುಹೋದರೆ, ಅದರಿಂದ ಹೊರಗೋಡೆಗೆ ಹೋಗುವ ಪ್ಲಾಸ್ಟಿಕ್ ಪೈಪಿನ ನೀರು ಹೆಪ್ಪುಗಟ್ಟಿರುವುದು ಸಾಮಾನ್ಯ. ಕೈಗೆಟುಕುವಂತಿದ್ದರೆ ಉಗುರುಬೆಚ್ಚಗಿನ ನೀರು ಸುರಿದು ಬಾಯ್ಲರನ್ನು ರೀಸೆಟ್ ಮಾಡಿ. ಕುದಿಯುವ ನೀರು ಹಾಕಿದರೆ ಪೈಪ್ ಸೀಳುತ್ತದೆ.

ಬಾಯ್ಲರಿನ ಮುಚ್ಚಳ ಬಿಚ್ಚುವ ಕೆಲಸಕ್ಕೆ ನೀವೂ ಕೈಹಾಕಬೇಡಿ, ಪರಿಚಯದವರಿಂದಲೂ ಮಾಡಿಸಬೇಡಿ. ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್‌ನಲ್ಲಿ ನೋಂದಣಿ ಇರುವವರು ಮಾತ್ರ ಅದನ್ನು ಮುಟ್ಟಬಹುದು. ಮಾಲೀಕರು ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷತಾ ತಪಾಸಣೆ ಮಾಡಿಸಿ ಅದರ ಪ್ರತಿಯನ್ನು ನಿಮಗೆ ಕೊಡಬೇಕು. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕೆಂಬುದು 2022ರ ಅಕ್ಟೋಬರ್ 1ರಿಂದ ಕಡ್ಡಾಯ. ಗ್ಯಾಸ್ ವಾಸನೆ ಬಂದರೆ ಅಥವಾ ಆ ಅಲಾರಂ ಕೂಗಿದರೆ ಹೊರಗೆ ಬಂದು 0800 111 999 ಸಂಖ್ಯೆಗೆ ಕರೆ ಮಾಡಿ. ಅದು ಹಗಲಿರುಳೂ ಇರುವ ತುರ್ತು ಸಂಖ್ಯೆ.

ಗ್ಯಾಸ್ ಇಲ್ಲದ ಫ್ಲಾಟುಗಳಲ್ಲಿ ಗೋಡೆಗೆ ಅಂಟಿದ ದಪ್ಪನೆಯ ಸ್ಟೋರೇಜ್ ಹೀಟರುಗಳಿರುತ್ತವೆ. ನಮ್ಮವರು ಇವುಗಳ ಮುಂದೆ ಹೆಚ್ಚು ತೊಂದರೆ ಪಡುವುದನ್ನು ಕಂಡಿದ್ದೇನೆ. ಇವು ರಾತ್ರಿಯ ಅಗ್ಗದ ದರದ ವಿದ್ಯುತ್ತಿನಲ್ಲಿ ಒಳಗಿನ ಇಟ್ಟಿಗೆಗಳನ್ನು ಕಾಯಿಸಿಟ್ಟುಕೊಂಡು ಹಗಲಿನಲ್ಲಿ ಬಿಸಿ ಬಿಡುತ್ತವೆ. ಎರಡು ಗುಬುಟುಗಳಲ್ಲಿ ಇನ್‌ಪುಟ್ ಎಂಬುದು ರಾತ್ರಿ ಎಷ್ಟು ಬಿಸಿ ಕೂಡಿಡಬೇಕು ಎಂಬುದನ್ನೂ, ಔಟ್‌ಪುಟ್ ಎಂಬುದು ಎಷ್ಟು ಬೇಗ ಬಿಡಬೇಕು ಎಂಬುದನ್ನೂ ಹೇಳುತ್ತದೆ. ಮಲಗುವ ಮುನ್ನ ಔಟ್‌ಪುಟ್ ಕಡಿಮೆ ಮಾಡದಿದ್ದರೆ ನೀವು ನಿದ್ದೆಯಲ್ಲಿರುವಾಗಲೇ ಬಿಸಿ ಖಾಲಿಯಾಗಿ ಸಂಜೆಗೆ ಹೀಟರ್ ತಣ್ಣಗಿರುತ್ತದೆ. ರಾತ್ರಿ ದರವಿರುವ ಎಕಾನಮಿ 7ರಂಥ ಯೋಜನೆ ನಿಮ್ಮ ಮೀಟರಿಗೆ ಇದೆಯೇ ಎಂದು ವಿದ್ಯುತ್ ಕಂಪನಿಯನ್ನು ಕೇಳಿ. ಇಲ್ಲದಿದ್ದರೆ ಈ ಹೀಟರ್ ತುಂಬ ದುಬಾರಿಯಾಗುತ್ತದೆ.

ಎಲ್ಲವೂ ಸರಿಯಿದ್ದೂ ಮನೆ ಬೆಚ್ಚಗಾಗದಿದ್ದರೆ ದೋಷ ಗೋಡೆ, ಸೂರುಗಳದು. ಪ್ರತಿ ಮನೆಯ ಇಂಧನ ದಕ್ಷತೆಯ ಪ್ರಮಾಣಪತ್ರವಾದ ಇಪಿಸಿಯನ್ನು ಸರ್ಕಾರದ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ಉಚಿತವಾಗಿ ನೋಡಬಹುದು. ಎ ಇಂದ ಜಿ ವರೆಗಿನ ಶ್ರೇಣಿಯಲ್ಲಿ ಇ ಗಿಂತ ಕೆಳಗಿರುವ ಮನೆಯನ್ನು, ನೋಂದಾಯಿತ ವಿನಾಯಿತಿ ಇಲ್ಲದೆ, ಖಾಸಗಿಯಾಗಿ ಬಾಡಿಗೆಗೆ ಕೊಡುವಂತಿಲ್ಲ.

ಐದನೆಯ ಹೆಜ್ಜೆ: ಬೂಷ್ಟನ್ನು ಸುರಕ್ಷಿತವಾಗಿ ತೆಗೆಯಿರಿ

ಫೋಟೋ ಆಯಿತು, ಕಾರಣ ಗೊತ್ತಾಯಿತು, ಇನ್ನು ಒರೆಸಬಹುದು. ಆಸ್ತಮಾ, ಅಲರ್ಜಿ, ಚರ್ಮದ ಕಾಯಿಲೆ ಇರುವವರು ಈ ಕೆಲಸ ಮಾಡಬಾರದು. ಮಕ್ಕಳು, ಗರ್ಭಿಣಿಯರು ಆ ಕೋಣೆಯಿಂದ ದೂರವಿರಲಿ. ಒಂದು ಚದರ ಮೀಟರಿಗಿಂತ ಹೆಚ್ಚು ಹರಡಿದ್ದರೆ ಅಥವಾ ಕೊಳಚೆನೀರಿನಿಂದ ಬಂದಿದ್ದರೆ ತಿಳಿದವರಿಂದ ಮಾಡಿಸಬೇಕು. ಕೈಗವಸು, ಕನ್ನಡಕ, ಮುಖಕ್ಕೆ ಒಳ್ಳೆಯ ಮಾಸ್ಕ್ ಧರಿಸಿ, ಕಿಟಕಿ ತೆರೆದು ಕೋಣೆಯ ಬಾಗಿಲು ಮುಚ್ಚಿ. ಒಣ ಬ್ರಷ್‌ನಿಂದ ಉಜ್ಜಿದರೆ ಬೂಷ್ಟಿನ ಕಣಗಳು ಮನೆಯೆಲ್ಲ ಹಾರುತ್ತವೆ. ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ಅಥವಾ ಬೂಷ್ಟು ನಿವಾರಕ ದ್ರಾವಣದಲ್ಲಿ ಬಟ್ಟೆ ಅದ್ದಿ ಮೆಲ್ಲಗೆ ಒರೆಸಿ, ಬೇರೆ ಒಣ ಬಟ್ಟೆಯಿಂದ ತೇವ ತೆಗೆಯಿರಿ. ಬಳಸಿದ ಬಟ್ಟೆಗಳನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬ್ಲೀಚ್ ಟೈಲ್ಸಿಗೆ ಸರಿ. ಅದನ್ನು ವಿನೆಗರ್ ಅಥವಾ ಅಮೋನಿಯಾ ಇರುವ ಕ್ಲೀನರ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಕಲೆಯ ಮೇಲೆ ಬಣ್ಣ ಬಳಿಯುವುದರಿಂದ ಆಗುವುದೇನೂ ಇಲ್ಲ. ಕೆಲವೇ ವಾರಗಳಲ್ಲಿ ಬಣ್ಣವೇ ಸಿಪ್ಪೆಯಾಗಿ ಏಳುತ್ತದೆ.

ಆರನೆಯ ಹೆಜ್ಜೆ: ಮಾಲೀಕರಿಗೆ ಬರಹದಲ್ಲಿ ತಿಳಿಸಿ

ಫೋನಿನಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದ್ದರೂ ಅದೇ ದಿನ ಇಮೇಲ್ ಕಳಿಸಿ. ಒಳಗಿನ ದೋಷವನ್ನು ದುರಸ್ತಿ ಮಾಡುವ ಮಾಲೀಕರ ಹೊಣೆ ಸಾಮಾನ್ಯವಾಗಿ ಶುರುವಾಗುವುದೇ ಅವರಿಗೆ ಅದು ತಿಳಿದ ಮೇಲೆ. ಇಮೇಲ್ ಉದ್ದವಿರಬೇಕಾಗಿಲ್ಲ, ಕೋಪವಂತೂ ಬೇಡ. ಅದರ ಧಾಟಿ ಹೀಗಿರಲಿ: ‘ಹಿಂಬದಿಯ ಮಲಗುವ ಕೋಣೆಯ ಹೊರಗೋಡೆಯಲ್ಲಿ ಜನವರಿ 12ರಂದು ಬೂಷ್ಟು ಕಂಡುಬಂದಿದೆ, ಅಗಲ ಸುಮಾರು 80 ಸೆಂಟಿಮೀಟರ್. ಅದರ ನೇರಕ್ಕೆ ಹೊರಗಿನ ಗಟರ್ ಸೋರುತ್ತಿರುವುದು ವಿಡಿಯೋದಲ್ಲಿದೆ. ಹೀಟಿಂಗ್ ದಿನಕ್ಕೆ ಎಂಟು ಗಂಟೆ ಓಡಿದರೂ ಕೋಣೆ 15 ಡಿಗ್ರಿ ದಾಟುತ್ತಿಲ್ಲ; ಎರಡು ವಾರದ ಅಂಕಿಗಳನ್ನು ಲಗತ್ತಿಸಿದ್ದೇನೆ. ನಮ್ಮ ಮಗುವಿಗೆ ನಾಲ್ಕು ವರ್ಷ, ಕೆಮ್ಮು ಶುರುವಾಗಿದೆ. ದಯವಿಟ್ಟು ಯಾವಾಗ ಬಂದು ಪರಿಶೀಲಿಸುತ್ತೀರಿ ಎಂದು ಏಳು ದಿನಗಳೊಳಗೆ ತಿಳಿಸಿ.’ ಕೆಮ್ಮು, ಉಬ್ಬಸ ಇದ್ದರೆ ಜಿಪಿ ವೈದ್ಯರಿಗೆ ಮನೆಯ ಬೂಷ್ಟಿನ ವಿಷಯವನ್ನೂ ಹೇಳಿ, ಅದು ನಿಮ್ಮ ದಾಖಲೆಯಲ್ಲಿ ಬರಲಿ. ದುರಸ್ತಿಯವರು ಬರುವೆವೆಂದಾಗ ಬಾಗಿಲು ತೆರೆಯಿರಿ. ಪರಿಶೀಲನೆಗೆ ಬರಲು ಮಾಲೀಕರು 24 ಗಂಟೆ ಮುಂಚಿತವಾಗಿ ಬರಹದಲ್ಲಿ ತಿಳಿಸಬೇಕು.

ಈ ಪತ್ರದ ಹಿಂದೆ ನಿಂತಿರುವ ಕಾನೂನು ಗಟ್ಟಿಯಾದದ್ದು. 1985ರ ಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಮನೆಯ ರಚನೆ, ಹೊರಭಾಗ, ಗಟರ್, ಚರಂಡಿ, ನೀರು, ಗ್ಯಾಸ್, ವಿದ್ಯುತ್, ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆಗಳ ದುರಸ್ತಿ ಮಾಲೀಕರದ್ದು. ಕರಾರಿನಲ್ಲಿ ಬೇರೆ ಏನೇ ಬರೆದಿದ್ದರೂ ಇದು ತಪ್ಪುವುದಿಲ್ಲ. 2018ರ ಕಾಯ್ದೆಯೊಂದು ಇನ್ನೂ ಮುಂದೆ ಹೋಗಿ, ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಎನ್ನುತ್ತದೆ. ಇದು 2019ರ ಮಾರ್ಚ್ 20ರಿಂದ ಜಾರಿಯಲ್ಲಿದೆ. ಇದರ ಮಹತ್ವ ನಮಗೆ ಹೆಚ್ಚು: ಯಾವುದೂ ಮುರಿದಿರದಿದ್ದರೂ, ಗೋಡೆಗೆ ನಿರೋಧಕ ಪದರವಿಲ್ಲದೆ, ಗಾಳಿ ಹೊರಹೋಗಲು ದಾರಿಯಿಲ್ಲದೆ ವಾಸಿಸಲಾಗದಷ್ಟು ತೇವ ಹಿಡಿದರೆ, ಅದಕ್ಕೂ ಮಾಲೀಕರು ಹೊಣೆಯಾಗಬಹುದು. ‘ಇದು ಬರೀ ಆವಿಯ ತೇವ, ನಿಮ್ಮ ಜೀವನಶೈಲಿಯದು’ ಎಂದು ಹೇಳಿ ಮಾತು ಮುಗಿಸುವ ಅವಕಾಶ ಅಲ್ಲಿಗೆ ಕಿರಿದಾಯಿತು.

ಆ ಜೀವನಶೈಲಿ ಎಂಬ ಮಾತು ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇಂಗ್ಲೆಂಡ್ ಒಂದು ಮಗುವಿನ ಜೀವವನ್ನು ತೆತ್ತಿದೆ. ರಾಚ್‌ಡೇಲ್ ಪಟ್ಟಣದ ಸಾಮಾಜಿಕ ವಸತಿಯ, ಅಂದರೆ ಕೌನ್ಸಿಲ್ ಅಥವಾ ವಸತಿ ಸಂಘ ಬಾಡಿಗೆಗೆ ಕೊಡುವ ಮನೆಗಳ, ಫ್ಲಾಟಿನಲ್ಲಿದ್ದ ಎರಡು ವರ್ಷದ ಅವಾಬ್ ಇಶಾಕ್ 2020ರ ಡಿಸೆಂಬರಿನಲ್ಲಿ ತೀರಿಕೊಂಡ. ತಂದೆ ಬೂಷ್ಟಿನ ಬಗ್ಗೆ ದೂರು ಕೊಟ್ಟಿದ್ದರು. ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ, ಸಾವಿನ ಕಾರಣವನ್ನು ವಿಚಾರಿಸುವ ಅಧಿಕಾರಿಯಾದ ಕರೋನರ್ ತೀರ್ಪಿತ್ತರು. ಆ ಹೆಸರಿನಲ್ಲೇ ಕರೆಯಲಾಗುವ ಅವಾಬ್ ಕಾನೂನು 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿಗಳಿಗೆ ಜಾರಿಯಾಯಿತು: ತುರ್ತು ಅಪಾಯವನ್ನು 24 ಗಂಟೆಯೊಳಗೆ ನಿವಾರಿಸಬೇಕು, ಗಂಭೀರ ತೇವ, ಬೂಷ್ಟನ್ನು 10 ಕೆಲಸದ ದಿನಗಳೊಳಗೆ ಪರಿಶೀಲಿಸಿ, ಅನಂತರದ 5 ಕೆಲಸದ ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು. ಖಾಸಗಿ ಬಾಡಿಗೆಗೂ ಇದನ್ನು ವಿಸ್ತರಿಸುವ ಅಧಿಕಾರವನ್ನು 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಸರ್ಕಾರಕ್ಕೆ ಕೊಟ್ಟಿದೆ.

ಏಳನೆಯ ಹೆಜ್ಜೆ: ಉತ್ತರ ಬಾರದಿದ್ದರೆ

ಒಂದು ನೆನಪೋಲೆ ಕಳಿಸಿ, ಮತ್ತೊಂದು ವಾರ ಕಾಯ್ದು, ಅನಂತರ ಸ್ಥಳೀಯ ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗಕ್ಕೆ ದೂರು ಕೊಡಿ. ಕೆಲವು ಕಡೆ ಅದನ್ನು ಖಾಸಗಿ ವಸತಿ ವಿಭಾಗ ಎನ್ನುತ್ತಾರೆ. ಅವರ ತಪಾಸಣಾ ಪಟ್ಟಿಯಲ್ಲಿ ತೇವ ಮತ್ತು ಬೂಷ್ಟು ಒಂದು ಅಪಾಯ, ಅತಿ ಚಳಿ ಇನ್ನೊಂದು. ಎರಡನ್ನೂ ಹೆಸರಿಸಿ ಬರೆಯಿರಿ. ಅತಿ ಗಂಭೀರವಾದ ಒಂದನೆಯ ವರ್ಗದ ಅಪಾಯ ಕಂಡರೆ ಕ್ರಮ ಕೈಗೊಳ್ಳುವುದು ಕೌನ್ಸಿಲಿನ ಕರ್ತವ್ಯ. ಅವರಿಗೆ ಕೆಲಸದ ಒತ್ತಡ ಬಹಳ. ದೂರಿನ ಸಂಖ್ಯೆ ಬರೆದಿಟ್ಟುಕೊಂಡು ವಾರಕ್ಕೊಮ್ಮೆ ವಿಚಾರಿಸುತ್ತಿರಿ. ಕೌನ್ಸಿಲ್ ಅಥವಾ ವಸತಿ ಸಂಘದ ಮನೆಯಲ್ಲಿರುವವರು ಆ ಸಂಸ್ಥೆಯ ಎರಡು ಹಂತದ ದೂರು ವ್ಯವಸ್ಥೆಯನ್ನು ಮುಗಿಸಿ ವಸತಿಯ ದೂರುಗಳನ್ನು ವಿಚಾರಿಸುವ ಹೌಸಿಂಗ್ ಓಂಬಡ್ಸ್‌ಮನ್ ಬಳಿ ಹೋಗಬಹುದು, ಅದು ಉಚಿತ. ನ್ಯಾಯಾಲಯದ ಮಾತು ಬಂದರೆ ಮನೆಬಾಗಿಲಿಗೆ ಬರುವ ಪರಿಹಾರ ಕೊಡಿಸುವ ಕಂಪನಿಗಳಿಗೆ ಸಹಿ ಹಾಕುವ ಮುನ್ನ ಉಚಿತವಾಗಿ ಸಲಹೆ ಕೊಡುವ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯನ್ನು ಕೇಳಿ.

ನಮ್ಮವರ ಬಾಯಿ ಕಟ್ಟುವ ಭಯಗಳು ಎರಡು. ಒಂದು ವೀಸಾದ್ದು. ವಿದ್ಯಾರ್ಥಿ ಅಥವಾ ಕೆಲಸದ ವೀಸಾದಲ್ಲಿರುವವರಿಗೆ ಸಾರ್ವಜನಿಕ ನಿಧಿಯ ನೆರವು ಪಡೆಯಬಾರದೆಂಬ ಷರತ್ತಿರುವುದು ನಿಜ. ಆದರೆ ಬಾಡಿಗೆ ಮನೆ ಕೆಟ್ಟಿದೆಯೆಂದು ಕೌನ್ಸಿಲಿಗೆ ತಪಾಸಣೆ ಕೋರುವುದು ಆ ನಿಧಿಯ ಪಟ್ಟಿಯಲ್ಲಿ ಬರುವುದಿಲ್ಲ. ಇನ್ನೊಂದು, ದೂರು ಕೊಟ್ಟರೆ ಮನೆ ಬಿಡಿಸುತ್ತಾರೆ ಎಂಬುದು. ಕಾರಣ ಹೇಳದೆ ಬಿಡಿಸಲು ಅವಕಾಶ ಕೊಡುತ್ತಿದ್ದ 21ನೆಯ ಸೆಕ್ಷನ್ ಅನ್ನು 2025ರ ಕಾಯ್ದೆ ರದ್ದುಗೊಳಿಸಿದ್ದು, ಅದು ಜಾರಿಗೆ ಬರುವ ದಿನ 2026ರ ಮೇ 1. ಅನಂತರ ಮಾಲೀಕರು ಕಾನೂನು ಹೇಳಿದ ಕಾರಣಗಳಲ್ಲಿ ಒಂದನ್ನು ತೋರಿಸಲೇಬೇಕು. ಮಾಲೀಕರೊಂದಿಗೆ ಒಂದೇ ಮನೆಯಲ್ಲಿರುವವರಿಗೆ ಮತ್ತು ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿರುವವರಿಗೆ ಈ ರಕ್ಷಣೆ ಹೀಗೆಯೇ ಅನ್ವಯಿಸುವುದಿಲ್ಲ; ಅವರು ಮೊದಲೇ ಸಲಹೆ ಪಡೆಯಲಿ.

ಬಾಡಿಗೆಯನ್ನು ಮಾತ್ರ ನಿಲ್ಲಿಸಬೇಡಿ. ಗೋಡೆ ಕೊಳೆಯುತ್ತಿರುವಾಗ ತಿಂಗಳ ಮೊದಲ ದಿನ ಪೂರ್ತಿ ಹಣ ಕಳಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೆ ಬಾಕಿ ಉಳಿದ ಬಾಡಿಗೆಯೇ ಮನೆ ಬಿಡಿಸಲು ಮಾಲೀಕರಿಗೆ ಸಿಗುವ ಅತ್ಯಂತ ಸುಲಭದ ಕಾರಣ. ನಿಮ್ಮ ನ್ಯಾಯವಾದ ದೂರು ಅದರ ಕೆಳಗೆ ಹೂತುಹೋಗುತ್ತದೆ.

ಮನೆ ಬಿಡುವಾಗ

ಬೂಷ್ಟಿನ ಹೆಸರಿನಲ್ಲಿ ಡಿಪಾಸಿಟ್ ಹಿಡಿಯುವುದು ಅಪರೂಪವಲ್ಲ. ನಿಮ್ಮ ಡಿಪಾಸಿಟ್ ಅನ್ನು ಮಾಲೀಕರು 30 ದಿನಗಳೊಳಗೆ ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ ಇರಿಸಿರಬೇಕು. ವಿವಾದವಾದರೆ ಆ ಯೋಜನೆಯವರೇ ಎರಡೂ ಕಡೆಯ ದಾಖಲೆ ನೋಡಿ ಉಚಿತವಾಗಿ ತೀರ್ಮಾನಿಸುತ್ತಾರೆ. ಹಳೆಯ ಇಮೇಲ್, ಹೈಗ್ರೋಮೀಟರಿನ ಅಂಕಿಗಳು, ಗಟರಿನ ವಿಡಿಯೋ ಎಲ್ಲವೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಕೊನೆಯ ದಿನ ಬೀರು, ಮಂಚಗಳನ್ನು ಗೋಡೆಯಿಂದ ಸರಿಸಿ, ಅವುಗಳ ಹಿಂಬದಿಯನ್ನೂ ಕಿಟಕಿಯ ಚೌಕಟ್ಟುಗಳನ್ನೂ ಒರೆಸಿ, ಹಗಲಿನ ಬೆಳಕಿನಲ್ಲಿ ಪ್ರತಿ ಕೋಣೆಯ ಫೋಟೋ ತೆಗೆದು, ಅದೇ ದಿನ ಏಜೆಂಟರಿಗೆ ಕಳಿಸಿ, ಕೀಲಿಕೈ ಕೊಟ್ಟದ್ದಕ್ಕೆ ಬರಹದಲ್ಲಿ ರಸೀದಿ ಪಡೆಯಿರಿ.